ಬೀಜ ಆರಿಸುವವರನ್ನು ಕೇಳಿದಿರಾ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ನಮ್ಮ ಕ್ಯೂರಿಂಗ್ ಘಟಕವಿದೆ. ಬಣ್ಣ ನೋಡಿ ಬೀಜ ಆರಿಸುವ ಕಲರ್ ಸಾರ್ಟರ್ ಯಂತ್ರ ತಂದು ಎರಡು ತಿಂಗಳಾಯಿತು. ಕೈಯಲ್ಲಿ ಆರಿಸುತ್ತಿದ್ದ ಹೆಂಗಸರು ಯಂತ್ರದ ಹತ್ತಿರ ಬರಲೂ ಒಪ್ಪುತ್ತಿಲ್ಲ. ಇವರ ಹಳೆಯ ಚಾಳಿ ಬಿಡಿಸುವುದು ಹೇಗೆ?

ಉತ್ತರ: ನಿಮ್ಮ ಪೂರ್ತಿ ಪತ್ರದಲ್ಲಿ ಯಂತ್ರದ ಬೆಲೆ, ಗಂಟೆಗೆ ಎಷ್ಟು ಆರಿಸುತ್ತದೆ ಎಂಬ ಲೆಕ್ಕ, ಎಲ್ಲವನ್ನೂ ಬರೆದಿದ್ದೀರಿ. ಎಷ್ಟು ಜನರಿಗೆ ಕೆಲಸ ಉಳಿಯುತ್ತದೆ ಎಂಬುದನ್ನು ಮಾತ್ರ ಬರೆದಿಲ್ಲ. ಆ ಹೆಂಗಸರಿಗೆ ಬೇಕಾಗಿರುವ ಉತ್ತರ ಅದೊಂದೇ. ಹೊಟ್ಟೆಪಾಡಿನ ಚಿಂತೆಯನ್ನು ಚಾಳಿ ಎನ್ನುವ ಪತ್ರಗಳು ತಿಂಗಳು ತಿಂಗಳೂ ಬರುತ್ತವೆ. ಓದಿದಾಗಲೆಲ್ಲ ಸಿಟ್ಟು ಬರುತ್ತದೆ.

ಅಮೆರಿಕದ ವರ್ಜೀನಿಯಾದ ಪೈಜಾಮ ಕಾರ್ಖಾನೆಯೊಂದರ ಪ್ರಯೋಗವನ್ನು ಲೆಸ್ಟರ್ ಕೋಕ್ ಮತ್ತು ಜಾನ್ ಫ್ರೆಂಚ್ 1948ರಲ್ಲಿ ಪ್ರಕಟಿಸಿದರು. ಕೆಲಸದ ರೀತಿ ಬದಲಾಗುತ್ತದೆ ಎಂದು ಒಂದು ಗುಂಪಿಗೆ ಬರೀ ತಿಳಿಸಿ ಬಿಟ್ಟರು. ಉತ್ಪಾದನೆ ಕುಸಿಯಿತು, 40 ದಿನಗಳಲ್ಲಿ ನೂರಕ್ಕೆ 17 ಮಂದಿ ಕೆಲಸ ಬಿಟ್ಟರು. ಹೊಸ ರೀತಿಯನ್ನು ರೂಪಿಸುವಾಗಲೇ ಜೊತೆಗೆ ಕೂರಿಸಿಕೊಂಡ ಗುಂಪುಗಳು ಬೇಗ ಚೇತರಿಸಿಕೊಂಡು ಮೊದಲಿಗಿಂತ ಹೆಚ್ಚು ಹೊಲಿದವು. ಎರಡೂವರೆ ತಿಂಗಳ ನಂತರ, ಸಿಡುಕಿದ್ದ ಮೊದಲ ಗುಂಪಿನಲ್ಲಿ ಉಳಿದವರನ್ನೇ ಹೀಗೆ ಕೂರಿಸಿಕೊಂಡು ಬೇರೆ ಕೆಲಸಕ್ಕೆ ಹಾಕಿದಾಗ ಅವರೂ ಹಾಗೆಯೇ ದುಡಿದರು. ಅದೇ ಜನ! ಚಾಳಿಯಾಗಿದ್ದರೆ ಎಲ್ಲಿ ಹೋಯಿತು?

ನಾರುವ ಬೀಜ ಕೆಲವೊಮ್ಮೆ ನೋಡಲು ಒಳ್ಳೆಯ ಬೀಜದಂತೆಯೇ ಇರುತ್ತದೆ. ಬಣ್ಣ ನೋಡುವ ಯಂತ್ರ ಅದನ್ನು ಬಿಟ್ಟುಬಿಡಬಹುದು. ಇಪ್ಪತ್ತು ವರ್ಷ ಆರಿಸಿದವರು ಒಂದು ಹಿಡಿಯನ್ನು ಅಂಗೈಯಲ್ಲಿ ತಿರುವಿ, ಮೂಗಿಗೆ ಹಿಡಿದು ಹೇಳುತ್ತಾರೆ. ಯಂತ್ರ ತಳ್ಳಿದ ಬೀಜವನ್ನೂ ಒಪ್ಪಿದ ಬೀಜವನ್ನೂ ಅವರ ಮುಂದೆ ಸುರಿದು, ಎಲ್ಲಿ ತಪ್ಪಿದೆ ಎಂದು ಕೇಳಿ. ಅವರು ಹೇಳಿದಂತೆ ಯಂತ್ರವನ್ನು ಹೊಂದಿಸಿ.

"ಯಾರನ್ನೂ ತೆಗೆಯುವುದಿಲ್ಲ" ಎಂಬ ಬಾಯಿಮಾತು ಬೇಡ. ಒಮ್ಮೆ ಮಾಲೀಕರೊಬ್ಬರ ಪರವಾಗಿ ನಾನೇ ಆ ಮಾತು ಕೊಟ್ಟೆ. ಮೂರು ತಿಂಗಳಲ್ಲಿ ಅವರು ಹದಿನೆಂಟು ಜನರನ್ನು ಮನೆಗೆ ಕಳಿಸಿದರು. ಅಂದಿನಿಂದ, ಬರೆದು ಸಹಿ ಹಾಕದ ಭರವಸೆಯನ್ನು ನಾನು ಯಾರಿಗೂ ತಲುಪಿಸುವುದಿಲ್ಲ. ಯಂತ್ರ ಸುಧಾರಣೆಯಿಂದ ಕಾರ್ಮಿಕರ ಕಡಿತವಾಗುವ ಸಂಭವವಿದ್ದರೆ 21 ದಿನ ಮೊದಲೇ ನೋಟಿಸ್ ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೇ ಇತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ನೀವು ಕೊಟ್ಟಿದ್ದೀರಾ?

ಪ್ರಶ್ನೆ: ಹಾಸನದ ನಮ್ಮ ಕಚೇರಿಯ ಸಿಬ್ಬಂದಿಗೆ ಹೊಸ ತಂತ್ರಾಂಶ ಬೇಡವಂತೆ. ಮನಸ್ಸು ಬದಲಿಸಲು ಒಂದು ದಿನದ ಪ್ರೇರಣಾ ಶಿಬಿರ ಸಾಕೇ?

ಉತ್ತರ: ಸಾಲದು. ಪ್ರೇರಣೆಯ ಹೆಸರಿನಲ್ಲಿ ಕೆಂಡದ ಮೇಲೆ ನಡೆಸಿ ಹಣ ಕೀಳುವವರನ್ನು ಬಾಗಿಲಿನಿಂದಲೇ ಕಳಿಸಿ. ಆ ಹಣದಲ್ಲಿ ಎರಡು ವಾರ ತಂತ್ರಾಂಶ ಕಲಿಸಿ.

ಪ್ರಶ್ನೆ: ಐವತ್ತು ದಾಟಿದವರು ಕಂಪ್ಯೂಟರ್ ಕಲಿಯುತ್ತಾರೆಯೇ?

ಉತ್ತರ: ಕಲಿಯುತ್ತಾರೆ. ಕಿರಿಯರ ಮುಂದೆ ಅವರ ತಪ್ಪು ಎತ್ತಿ ಆಡಬೇಡಿ.