ಉದಾರೀಕರಣದಿಂದ ಪ್ರವಾಸೋದ್ಯಮದಲ್ಲಿ ದುಡಿಯುವ ಹೆಂಗಸರಿಗೆ ಒಳ್ಳೆಯದಾಗಿದೆಯೇ?

ಕೆಲಸ ಹೆಚ್ಚಾಗಿದೆ, ಭದ್ರತೆ ಹೆಚ್ಚಾಗಿಲ್ಲ. ನಾನು ಗೋವಾದ ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ವಲಯದ ಒಪ್ಪಂದ ಜಾರಿಗೆ ಬಂದಾಗ, ಭಾರತ ಹೋಟೆಲುಗಳಲ್ಲಿ ಶೇ 51ರವರೆಗೆ ವಿದೇಶಿ ಬಂಡವಾಳಕ್ಕೆ ಒಪ್ಪಿಕೊಂಡಿತು. ಈಗ ಶೇ 100ರಷ್ಟು ಹೂಡಿದರೂ ಸರ್ಕಾರದ ಪೂರ್ವಾನುಮತಿ ಬೇಡ. ಆದರೆ ಎಷ್ಟೋ ವಿದೇಶಿ ಕಂಪನಿಗಳು ಕಟ್ಟಡಕ್ಕೆ ಹಣ ಹಾಕುವುದೇ ಇಲ್ಲ. ಬೋರ್ಡಿನ ಮೇಲೆ ಅವರ ಹೆಸರು, ಜಾಗ ಇಲ್ಲಿನ ಮಾಲೀಕರದು, ರೂಮು ಸ್ವಚ್ಛ ಮಾಡುವವಳ ಸಂಬಳ ಲೇಬರ್ ಕಾಂಟ್ರಾಕ್ಟರ್ ಕೈಯಲ್ಲಿ. ಸಂಬಳ ತಡವಾದರೆ ಅವಳು ಯಾರನ್ನು ಕೇಳಬೇಕು? ಮಾರ್ಚ್ ದಾಟಿ ಸೀಸನ್ ಇಳಿಯಿತೆಂದರೆ ಮೊದಲು ಮನೆಗೆ ಕಳಿಸುವುದು ಅವಳನ್ನೇ. ಅಕ್ಟೋಬರಿನಲ್ಲಿ ಮತ್ತೆ ಕರೆದು ಹೊಸಬಳೆಂದು ಬರೆದುಕೊಳ್ಳುತ್ತಾರೆ. ಹೀಗೆ ವರ್ಷಗಟ್ಟಲೆ ದುಡಿದರೂ ಸರ್ವೀಸ್ ಲೆಕ್ಕಕ್ಕೆ ಬರುವುದಿಲ್ಲ, ಕೆಲಸ ಬಿಡುವಾಗ ಬರಬೇಕಾದ ಗ್ರಾಚ್ಯುಟಿ ಹಣ ಕೈಗೆ ಸಿಗುವುದಿಲ್ಲ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಇದೇ.

ಒಳ್ಳೆಯದೂ ಇದೆ, ಇಲ್ಲವೆನ್ನಲಾರೆ. ದೊಡ್ಡ ಹೋಟೆಲುಗಳಲ್ಲಿ ರಾತ್ರಿ ಶಿಫ್ಟ್ ಮುಗಿಸಿದವರಿಗೆ ಗಾಡಿ, ಪಿಎಫ್, ಲೈಂಗಿಕ ಕಿರುಕುಳದ ದೂರಿಗೊಂದು ಸಮಿತಿ ಇರುತ್ತದೆ. 2013ರ ಕಾನೂನಿನ ಪ್ರಕಾರ ಕಾಂಟ್ರಾಕ್ಟ್ ಮೇಲಿರುವವರೂ ಅಲ್ಲಿ ದೂರು ಕೊಡಬಹುದು. ನನ್ನ ಜೊತೆಗಿದ್ದ ಬಹಳ ಮಂದಿಗೆ ಇದು ಗೊತ್ತೇ ಇರಲಿಲ್ಲ.

ಗೇಟಿನಾಚೆಯವರ ಕಥೆ ಬೇರೆ. ಗದಗ, ಕೊಪ್ಪಳ, ವಿಜಯಪುರ ಕಡೆಯ ತಾಂಡಾಗಳಿಂದ ಬಂದ ಲಂಬಾಣಿ ಹೆಂಗಸರು ಗೋವಾದ ಅಂಜುನಾ, ಕಲಂಗುಟ್ ಬೀಚುಗಳ ಕಡೆ ಕನ್ನಡಿ ಕಸೂತಿಯ ಚೀಲ, ಸರ, ಬಟ್ಟೆ ಮಾರುತ್ತಾರೆ. 2001ರ ಏಪ್ರಿಲ್ 1ರಂದು ಭಾರತ ಉಳಿದಿದ್ದ 715 ಬಗೆಯ ಸರಕುಗಳ ಆಮದು ಮಿತಿಯನ್ನೂ ತೆಗೆದುಹಾಕಿತು. ಅವರ ಕೈಕೆಲಸ ಈಗ ಯಂತ್ರದಲ್ಲಿ ಮಾಡಿದ ಅಗ್ಗದ ಸಾಮಾನಿನ ಎದುರು ನಿಲ್ಲಬೇಕು. "ಅಂಗಡ್ಯಾಗ ಅರ್ಧ ರೇಟಿಗಿ ಸಿಗತೈತಿ ಅಂತ ಗಿರಾಕಿ ಹೊಳ್ಳಿ ಹೋಗ್ತಾರ್ರೀ ಅಕ್ಕಾ" ಎಂದು ಒಬ್ಬಾಕೆ ನನಗೆ ಹೇಳಿದ್ದಳು. ಸಾಲದ್ದಕ್ಕೆ ಬೀಚಿನಲ್ಲಿ ಹೊತ್ತು ಮಾರುವುದಕ್ಕೆ ಗೋವಾದಲ್ಲಿ ಕಾನೂನಿನ ತಡೆಯಿದೆ. ಪೊಲೀಸರು ಕಂಡರೆ ಗಂಟು ಕಟ್ಟಿಕೊಂಡು ಓಡಬೇಕು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ, ಅಂದರೆ ಅದು ಆ ಊರಿನದೇ ಎಂಬ ಸರ್ಕಾರಿ ಗುರುತು, ಸಿಕ್ಕಿದ್ದು ದೊಡ್ಡ ಮಾತು, ಆದರೆ ಅದರ ಫಲ ಈ ಮರಳಿನ ತನಕ ಬಂದಿಲ್ಲ. ಇವರಿಗೆ ಲೈಸೆನ್ಸು, ಕೂತು ಮಾರಲು ಒಂದು ಜಾಗ ಕೊಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ನೀವು ಅಧ್ಯಯನಕ್ಕೆಂದು ಕೇಳಿದ್ದರೆ, ಹೋಟೆಲಿನ ಎಚ್‌ಆರ್ ಕೊಡುವ ಸಂಖ್ಯೆಗಷ್ಟೇ ನಿಲ್ಲಬೇಡಿ. ಕಾಂಟ್ರಾಕ್ಟರ್‌ಗಳ ಹಾಜರಿ ಪುಸ್ತಕ ಕೇಳಿ. ಡಿಸೆಂಬರಿಗೊಮ್ಮೆ, ಜುಲೈಗೊಮ್ಮೆ ಎರಡೂ ಸಲ ಹೋಗಿ ನೋಡಿ.