ಬೆಂಗಳೂರಿಂದ ಕರಾವಳಿಗೆ ಹೋಗಿ ದಡದಿಂದಲೇ ಶಾರ್ಕ್ ಹಿಡಿಯೋಕೆ ಯಾವ ರಾಡು, ಯಾವ ಎರೆ?

ನೀವು ಕೇಳಿರುವುದು ಇಷ್ಟು: ಕೆರೆಯಲ್ಲಿ ರೋಹು, ಕಾಟ್ಲಾ ಹಿಡಿದು ಅಭ್ಯಾಸ ಇದೆ, ಡಿಸೆಂಬರ್‌ನಲ್ಲಿ ಉಡುಪಿ ಕಡೆ ಹೋಗ್ತಿದ್ದೀರಿ, ದಡದಲ್ಲಿ ನಿಂತು ಶಾರ್ಕ್ ಹಿಡಿಯೋ ಆಸೆ. ಮನೆಯಲ್ಲಿರುವ 7 ಅಡಿ ರಾಡು, 3000 ಸೈಜಿನ ರೀಲು ಸಾಕಾ, ಎರೆ ಏನು ಹಾಕಲಿ, ಬೆಂಗಳೂರಲ್ಲೇ ಕೊಂಡು ಹೋಗಲಾ?

ಆ ರಾಡು ಸಾಲದು. ಆದರೆ ನೀವು ಅಂದುಕೊಂಡಷ್ಟು ದೊಡ್ಡ ಸಾಮಾನೂ ಬೇಕಾಗಿಲ್ಲ. ನೀವು ನೋಡಿರುವ ವಿಡಿಯೋಗಳು ಫ್ಲೋರಿಡಾದ್ದೋ ಟೆಕ್ಸಾಸ್‌ದೋ ಇರಬೇಕು. ಅಲ್ಲಿ ಎರೆಯನ್ನು ಕಯಾಕ್‌ನಲ್ಲಿ ಕೂತು ದೂರ ಬಿಟ್ಟು ಬರ್ತಾರೆ, ಆಳೆತ್ತರ ಮೀರಿದ ಮೀನಿಗೆ ಕಾಯ್ತಾರೆ. ನಮ್ಮ ದಡದಲ್ಲಿ ಗಾಳಕ್ಕೆ ಬೀಳುವುದು ಸಣ್ಣವು. ಮಂಗಳೂರಲ್ಲಿ ತಾಟೆ, ಕಾರವಾರದ ಕಡೆ ಮೋರಿ ಅಂತ ಬುಟ್ಟಿಯಲ್ಲಿಟ್ಟು ಮಾರ್ತಾರಲ್ಲ, ಅವೇ. ಅವುಗಳಲ್ಲಿ ಸ್ಪೇಡ್‌ನೋಸ್ ಶಾರ್ಕ್ ಮುಕ್ಕಾಲು ಮೀಟರ್ ದಾಟುವುದು ಅಪರೂಪ. ಮಿಲ್ಕ್ ಶಾರ್ಕ್ ಒಂದು ಮೀಟರ್ ಆಸುಪಾಸು. ಈ ಅಳತೆ ತಲೆಯಲ್ಲಿಟ್ಟುಕೊಂಡು ಕೊಳ್ಳಿ.

ರಾಡು 11 ಅಥವಾ 12 ಅಡಿಯ ಸರ್ಫ್ ರಾಡು, 100ರಿಂದ 150 ಗ್ರಾಂ ಸೀಸ ಎಸೆಯುವಂಥದ್ದು. ಉದ್ದ ಬೇಕಿರುವುದು ಮೀನನ್ನು ಎಳೆಯೋಕಲ್ಲ, ದಡಕ್ಕೆ ಬಡಿಯುವ ಅಲೆಗಳ ಮೇಲೆ ಲೈನನ್ನು ಎತ್ತಿ ಹಿಡಿಯೋಕೆ. ರೈಲಿನಲ್ಲಿ ಹೋಗುವುದಾದರೆ ಮೂರು ತುಂಡಿನದ್ದು ತಗೊಳ್ಳಿ, ಬರ್ತ್ ಕೆಳಗೆ ಆರಾಮಾಗಿ ಹೋಗುತ್ತೆ. ರೀಲು 8000 ಸೈಜು. ಅದಕ್ಕೆ 40 ಪೌಂಡ್ ತಡೆಯುವ ಬ್ರೇಡ್ (ಹೆಣೆದ ಲೈನ್) ಸುಮಾರು 300 ಮೀಟರ್. ಡ್ರ್ಯಾಗನ್ನು, ಅಂದರೆ ಮೀನು ಜಗ್ಗಿದಾಗ ಲೈನ್ ಎಷ್ಟು ಬಲಕ್ಕೆ ಜಾರಬೇಕು ಅಂತ ತೀರ್ಮಾನಿಸುವ ರೀಲಿನ ಬ್ರೇಕನ್ನು, ಕೈಯಂದಾಜಿನಲ್ಲಿ ಬಿಗಿಯಬೇಡಿ. ವಿಮಾನಕ್ಕೆ ಹೋಗುವಾಗ ಸೂಟ್‌ಕೇಸ್ ತೂಗುವ ಪುಟ್ಟ ತಕ್ಕಡಿ ಇರುತ್ತಲ್ಲ, ಅದಕ್ಕೆ ಲೈನ್ ಕಟ್ಟಿ ಎಳೆಯಿರಿ. 40 ಪೌಂಡ್ ಅಂದರೆ 18 ಕೆಜಿ, ಅದರ ಕಾಲು ಭಾಗ, ಅಂದರೆ ನಾಲ್ಕೂವರೆ ಕೆಜಿಗೆ ಲೈನ್ ಜಾರಬೇಕು. ರಾಡು, ರೀಲಿನ ಮಾತು ಇಷ್ಟೇ ಸಾಕು. ಅಂಗಡಿಯವರು ಇದರ ಬಗ್ಗೆಯೇ ಒಂದು ಗಂಟೆ ಮಾತಾಡ್ತಾರೆ.

ಶಾರ್ಕ್ ತಪ್ಪಿಸಿಕೊಳ್ಳುವುದು ಜಾಸ್ತಿ ಲೈನಿನ ಕೊನೆಯ ಎರಡು ಮೀಟರಿನಲ್ಲಿ, ಕೊಕ್ಕೆಯ ಹತ್ತಿರ. ಹಲ್ಲು ಲೈನ್ ಕತ್ತರಿಸುತ್ತೆ ಅನ್ನುವುದು ಎಲ್ಲರಿಗೂ ಗೊತ್ತು. ಚರ್ಮವೂ ಕತ್ತರಿಸುತ್ತೆ ಅನ್ನುವುದನ್ನು ಹೊಸಬರು ಮರೀತಾರೆ. ಶಾರ್ಕ್ ಚರ್ಮದ ತುಂಬ ಹಲ್ಲಿನಂಥದ್ದೇ ಸಣ್ಣ ಚಕ್ಕೆಗಳಿವೆ. ಬಾಲದಿಂದ ತಲೆಯ ಕಡೆಗೆ ಕೈಯಾಡಿಸಿದರೆ ಉಪ್ಪು ಕಾಗದ. ಮೀನು ಒಮ್ಮೆ ಹೊರಳಿ ಬಾಲ ಬಡಿದರೆ ಬ್ರೇಡ್ ಫಟ್ ಅಂತ ಹೋಗುತ್ತೆ. ಹಾಗಾಗಿ ಕೊಕ್ಕೆಯ ಹತ್ತಿರ 40 ಸೆಂಟಿಮೀಟರ್ ತಂತಿ, ಅದರ ಮೇಲೆ ಒಂದೂವರೆ ಮೀಟರ್ 80 ಪೌಂಡಿನ ದಪ್ಪ ನೈಲಾನ್. ಇವೆರಡೂ ಸೇರಿದ ಈ ತುದಿಯ ಭಾಗಕ್ಕೇ ಲೀಡರ್ ಅನ್ನೋದು, ಅದು ಒಟ್ಟಾರೆ ಮೀನಿಗಿಂತ ಉದ್ದ ಇರಬೇಕು, ಅಷ್ಟೇ ಲೆಕ್ಕ. ತಂತಿ ಏಳು ಎಳೆಯದ್ದು, ಮೇಲೆ ನೈಲಾನ್ ಹೊದಿಕೆ ಇರುವುದು, 60 ಪೌಂಡ್. ಒಂದೇ ಎಳೆಯ ಗಟ್ಟಿ ತಂತಿ ಅಗ್ಗ, ಆದರೆ ಒಮ್ಮೆ ಸೊಟ್ಟಗಾದರೆ ಆ ಜಾಗದಲ್ಲೇ ಮುರಿಯುತ್ತೆ. ಪ್ರತಿ ಮೀನಿನ ನಂತರ ತಂತಿ ನೋಡಿ, ಎಳೆ ಬಿಚ್ಚಿದ್ದರೆ ಎಸೆಯಿರಿ. ಬ್ರೇಡ್‌ಗೂ ಈ ಲೀಡರ್‌ಗೂ ನಡುವೆ 60 ಪೌಂಡಿನ ಶಾಕ್ ಲೀಡರ್, ಅಂದರೆ ಬೀಸುವಾಗಿನ ಜಗ್ಗು ತಡೆಯುವ ದಪ್ಪ ಲೈನ್, ರಾಡಿನ ಎರಡರಷ್ಟು ಉದ್ದ. ಅದಿಲ್ಲದೆ ಭಾರದ ಸೀಸ ಬೀಸಿದರೆ ಲೈನ್ ತುಂಡಾಗಿ ಸೀಸ ಗುಂಡಿನ ಹಾಗೆ ಹಾರುತ್ತೆ. ಈ ಬೀಸುವ ಅಭ್ಯಾಸವನ್ನು ಇಲ್ಲೇ ಮಾಡಿಕೊಂಡು ಹೋಗಿ, ಕೊಕ್ಕೆ ಇಲ್ಲದೆ ಬರೀ ಸೀಸ ಕಟ್ಟಿ. ಬೆಳಗಾಗುತ್ತಿದ್ದ ಹಾಗೇ ಹೋಗಿ. ಆಮೇಲೆ ಬೆಂಗಳೂರಿನ ಯಾವ ಮೈದಾನದಲ್ಲೂ ಕ್ರಿಕೆಟ್ ತಂಡಗಳ ನಡುವೆ 100 ಮೀಟರ್ ಖಾಲಿ ಜಾಗ ಸಿಗಲ್ಲ.

ಕೊಕ್ಕೆ ಸರ್ಕಲ್ ಹುಕ್ಕೇ (ತುದಿ ಒಳಕ್ಕೆ ಬಾಗಿರುವ ದುಂಡನೆಯ ಕೊಕ್ಕೆ) ಇರಲಿ, ಸೈಜು 4/0ರಿಂದ 6/0. ತುದಿ ಪಕ್ಕಕ್ಕೆ ವಾಲಿರಬಾರದು. ಸ್ಟೇನ್‌ಲೆಸ್ ಸ್ಟೀಲ್ ಬೇಡ. ಅಕಸ್ಮಾತ್ ಮೀನಿನ ಬಾಯಲ್ಲಿ ಉಳಿದರೆ ಮಾಮೂಲಿ ಉಕ್ಕು ತುಕ್ಕು ಹಿಡಿದು ಬಿದ್ದುಹೋಗುತ್ತೆ. ಫ್ಲೋರಿಡಾದಲ್ಲಿ 2019ರಿಂದ ದಡದ ಶಾರ್ಕ್ ಬೇಟೆಗೆ ಇಂಥದ್ದೇ ಕೊಕ್ಕೆ ಕಡ್ಡಾಯ, ಕೊಕ್ಕೆ ಕತ್ತರಿಸುವ ಕಟ್ಟರ್ ಕೂಡ ಜೊತೆಗಿರಲೇಬೇಕು. ವಿಡಿಯೋದಲ್ಲಿ ಇದನ್ನು ಯಾರೂ ಹೇಳಲ್ಲ. ಕೆರೆಯಲ್ಲಿ ರಾಡು ಜಗ್ಗಿದ ತಕ್ಷಣ ಎಳೆಯುವ ಅಭ್ಯಾಸ ನಿಮಗಿರುತ್ತೆ. ಇಲ್ಲಿ ಎಳೆಯಬಾರದು. ಮೀನು ತಾನಾಗಿ ಓಡಲಿ, ಲೈನ್ ಬಿಗಿಯಾಗಲಿ, ಆಗ ನಿಧಾನಕ್ಕೆ ಸುತ್ತಿ. ಕೊಕ್ಕೆ ಬಾಯಿಯ ಮೂಲೆಗೆ ತಾನೇ ಬಂದು ಕೂರುತ್ತೆ.

ಈಗ ಎರೆ. ಬೆಂಗಳೂರಲ್ಲಿ ಕೊಂಡು ಹೋಗಬೇಡಿ. ರಸೆಲ್ ಮಾರ್ಕೆಟ್ಟಿನ ಬಂಗುಡೆ ಸಾರಿಗೆ ಚೆನ್ನಾಗಿರುತ್ತೆ, ಆದರೆ ಅದು ಐಸಿನಲ್ಲಿ ಕೂತು ನಮ್ಮೂರಿಗೆ ಬಂದಿರುತ್ತೆ. ನೀವು ಅದನ್ನೇ ಮತ್ತೆ ಘಟ್ಟ ಇಳಿಸಿದರೆ ಮೆತ್ತಗಾಗಿ, ಬೀಸಿದಾಗ ಕೊಕ್ಕೆಯಿಂದ ಕಳಚಿ ಬೇರೆ ದಿಕ್ಕಿಗೆ ಹೋಗುತ್ತೆ. ಬೆಳಿಗ್ಗೆ ಮಲ್ಪೆ ಬಂದರಿಗೆ ಹೋಗಿ ಅವತ್ತಿನ ಬಂಗುಡೆ ತಗೊಳ್ಳಿ. ಬಾಲ ಕತ್ತರಿಸಿ ಬಿಸಾಕಿ, ಇಲ್ಲದಿದ್ದರೆ ನೀರಿನಲ್ಲಿ ಗಿರಗಿರ ತಿರುಗಿ ಲೀಡರ್ ಸುತ್ತಿಕೊಳ್ಳುತ್ತೆ. ಉಳಿದದ್ದನ್ನು ಅಡ್ಡಕ್ಕೆ ತುಂಡು ಮಾಡಿ. ತಲೆಯ ತುಂಡು ಗಟ್ಟಿ, ಏಡಿಗಳು ಬೇಗ ಮುಗಿಸಲ್ಲ. ಭೂತಾಯಿ (ಸಾರ್ಡಿನ್) ಮೀನಿನಲ್ಲಿ ಎಣ್ಣೆ ಜಾಸ್ತಿ, ವಾಸನೆ ಚೆನ್ನಾಗಿ ಹರಡುತ್ತೆ, ಆದರೆ ಮಾಂಸ ನಿಲ್ಲಲ್ಲ. ಎಲಾಸ್ಟಿಕ್ ದಾರದಲ್ಲಿ ಸುತ್ತಿ ಕಟ್ಟಬೇಕು. ನನಗೆ ಇಷ್ಟ ಆಗಿರುವುದು ಬಂಗುಡೆ ತುಂಡಿನ ಮೇಲೆ ಬೊಂಡಾಸಿನ (ಸ್ಕ್ವಿಡ್) ಪಟ್ಟಿ ಸುತ್ತಿ ಕಟ್ಟುವುದು. ಒಳಗೆ ವಾಸನೆ, ಹೊರಗೆ ಗಟ್ಟಿ. ಏನೇ ಹಾಕಿದರೂ ಕೊಕ್ಕೆಯ ತುದಿ ಹೊರಗಿರಲಿ, ಅರ್ಧ ಗಂಟೆಗೊಮ್ಮೆ ಎರೆ ಬದಲಾಯಿಸಿ. ರಕ್ತ ಸುರಿದು ಶಾರ್ಕ್ ಕರೆಯುವ ಐಡಿಯಾ ಇದ್ದರೆ ಬಿಟ್ಟುಬಿಡಿ, ಪಕ್ಕದಲ್ಲೇ ಮಕ್ಕಳು ನೀರಾಡ್ತಿರ್ತಾರೆ.

ಜಾಗಕ್ಕೆ ಬಂದರೆ, ಮಲ್ಪೆ ಬೀಚು ಬೇಡ, ಜನಜಂಗುಳಿ. ಅಳಿವೆಗಳ ಹತ್ತಿರ ನೋಡಿ. ಸೀತಾ, ಸುವರ್ಣಾ ನದಿಗಳು ಸಮುದ್ರ ಸೇರುವ ಕೋಡಿ ಬೆಂಗ್ರೆ ಇದೆ, ಶಾಂಭವಿ, ನಂದಿನಿ ಸೇರುವ ಸಸಿಹಿತ್ಲು ಇದೆ. ಸಂಜೆ ಕತ್ತಲಾಗುವ ಹೊತ್ತಿಗೆ ಉಬ್ಬರ ಇಳಿತ ನಡೀತಿದ್ದರೆ ಒಳ್ಳೆಯದು, ನೀರು ನಿಂತಾಗ ಸುಮ್ನೆ ಕೂತಿರಬೇಕಾಗುತ್ತೆ. ಸೆಳೆತ ಜೋರು, ಮೊಣಕಾಲಿಗಿಂತ ಮೇಲೆ ನೀರಿಗಿಳಿಯಬೇಡಿ. ಮೀನುಗಾರರು ಕೈರಂಪಣಿ ಬಲೆ (ದಡದಿಂದಲೇ ಕೈಯಲ್ಲಿ ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದರೆ ಗಾಳ ಹಾಕಲೇಬೇಡಿ. ಅವರ ಹೊಟ್ಟೆಪಾಡು ಅದು, ನಮ್ಮದು ವೀಕೆಂಡು.

ಹಿಡಿದದ್ದನ್ನು ಬಿಡ್ತೀರಿ ಅಂದುಕೊಂಡೇ ಬರೆಯುತ್ತಿದ್ದೇನೆ. ಈ ಶಾರ್ಕ್‌ಗಳು ಬೇರೆ ಮೀನಿನ ಹಾಗೆ ಲಕ್ಷಗಟ್ಟಲೆ ಮೊಟ್ಟೆ ಇಡಲ್ಲ, ಬೆರಳೆಣಿಕೆಯ ಮರಿ ಹಾಕ್ತವೆ. ಕಾನೂನೂ ಇದೆ. ತಿಮಿಂಗಿಲ ಶಾರ್ಕ್, ಗರಗಸ ಮೀನು, ಗಂಗಾ ಶಾರ್ಕ್ ಇವೆಲ್ಲ 2001ರಿಂದಲೇ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. 2022ರ ತಿದ್ದುಪಡಿಯಲ್ಲಿ ಪಟ್ಟಿ ಇನ್ನೂ ಉದ್ದವಾಗಿದೆ. ದಡದಲ್ಲಿ ನಿಂತು ಜಾತಿ ಗುರುತಿಸೋಕೆ ಆಗದಿದ್ದರೆ ಬಿಟ್ಟುಬಿಡುವುದೇ ಸರಿ. ಬಾಲ ಹಿಡಿದು ನೇತಾಡಿಸಬೇಡಿ, ಕಿವಿರಿಗೆ ಕೈ ಹಾಕಬೇಡಿ, ಒಣ ಮರಳಿಗೆ ಎಳೆಯಬೇಡಿ. ಮೊಣಕಾಲು ನೀರಿನಲ್ಲೇ ಉದ್ದ ಮೂತಿಯ ಇಕ್ಕಳದಿಂದ ಕೊಕ್ಕೆ ಬಿಡಿಸಿ. ಆಗದಿದ್ದರೆ ಕಟ್ಟರ್‌ನಿಂದ ಕೊಕ್ಕೆಯನ್ನೇ ಕತ್ತರಿಸಿ, ಕೊಕ್ಕೆ ಕಾಣದಷ್ಟು ಒಳಗಿದ್ದರೆ ತಂತಿಯನ್ನು ಬಾಯಿಯ ಹತ್ತಿರ. ದುಡ್ಡು ಕಡಿಮೆ ಬಿದ್ದರೆ ರೀಲು ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಈ ಕಟ್ಟರ್ ಮಾತ್ರ ಒಳ್ಳೆಯದನ್ನೇ ತಗೊಳ್ಳಿ.