“ಉಗುರು ಎದ್ದಿದೆ, ಹಣ ವಾಪಸ್ ಕೊಡಿ”: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮಂಜೇಶ್ವರಕ್ಕೂ ಕುಂಬಳೆಗೂ ನಡುವಿನ ಒಂದು ಪೇಟೆ. ಮನೆಯ ಮುಂದಿನ ಕೋಣೆಯಲ್ಲೇ ನೇಲ್ ಆರ್ಟ್ ಮಾಡುವ, ಮೂವತ್ತರ ಒಳಗಿನ ಮಹಿಳೆ. ಗಿರಾಕಿಗಳಲ್ಲಿ ಹೆಚ್ಚಿನವರು ಮದುಮಗಳಂದಿರು ಮತ್ತು ಅವರ ಅಕ್ಕತಂಗಿಯರು. ಆಕೆ ಸಲಹೆಗೆ ಬಂದದ್ದು ಹಣದ ವಿಷಯಕ್ಕಲ್ಲ. ರಾತ್ರಿ ನಿದ್ದೆಯಿಲ್ಲ, ವಾಟ್ಸಾಪ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ, ಕೆಲಸ ನಿಲ್ಲಿಸಿಬಿಡೋಣ ಅನಿಸುತ್ತದೆ ಎಂದರು. ಕೇಳುತ್ತಾ ಹೋದಂತೆ ಒಂದೇ ಮದುವೆ ಸೀಸನ್ನಿನಲ್ಲಿ ಬಂದ ಮೂರು ದೂರುಗಳು ಹೊರಬಂದವು.

ಮೊದಲನೆಯದು, 1,800 ರೂಪಾಯಿಯ ಎಕ್ಸ್‌ಟೆನ್ಶನ್ (ಸ್ವಂತ ಉಗುರಿನ ಮೇಲೆ ಕೂರಿಸುವ ಉದ್ದನೆಯ ಕೃತಕ ಉಗುರು). ಮೂರನೇ ದಿನಕ್ಕೆ ಎರಡು ಉಗುರು ಬುಡದಲ್ಲಿ ಎದ್ದವು. ಗಿರಾಕಿ ಪೂರ್ತಿ ಹಣ ಕೇಳಿದರು. “ಕೊಟ್ಟು ಬಿಡು ಮಾರಾಯ್ತಿ, ನಾಲ್ಕು ಜನ ಮಾತಾಡುದು ಬೇಡ” ಎಂದು ಅತ್ತೆ ಹೇಳಿದ್ದಕ್ಕೆ, ಕೈಯನ್ನೂ ನೋಡದೆ ಅಷ್ಟೂ ಹಣ ಗೂಗಲ್ ಪೇ ಮಾಡಿದರು. ಉಳಿದ ಎಂಟು ಉಗುರು ಹಾಗೇ ಚೆನ್ನಾಗಿದ್ದವು. ಎರಡನೆಯ ಗಿರಾಕಿ 19ನೇ ದಿನಕ್ಕೆ ಮುರಿದ ಹೆಬ್ಬೆರಳಿನ ಫೋಟೋ ಕಳಿಸಿದಾಗ, ಮೊದಲನೆಯವರ ಮೇಲಿನ ಸಿಟ್ಟು ಇವರ ಮೇಲೆ ಹೋಯಿತು. ಜಗಳವಾಯಿತು, ಚಾಟಿನ ಸ್ಕ್ರೀನ್‌ಶಾಟನ್ನು ಈಕೆ ತನ್ನ ಸ್ಟೇಟಸ್ಸಿಗೂ ಹಾಕಿದರು. ಮೂರನೆಯವರಿಗೆ ಉಗುರಿನ ಸುತ್ತ ತುರಿಕೆ. “ಬೇರೆ ಬ್ರ್ಯಾಂಡ್ ಹಾಕಿ ಕೊಡ್ತೇನೆ, ಬನ್ನಿ” ಎಂದು ಬರೆದಿಟ್ಟ ಸಂದೇಶ ಇನ್ನೂ ಕಳಿಸದೆ ಫೋನಿನಲ್ಲಿತ್ತು.

ಈ ಮೂರು ಒಂದೇ ಜಾತಿಯ ದೂರುಗಳಲ್ಲ. ಆದರೆ ಮೂರಕ್ಕೂ ಆಕೆ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಹಣ ಕೊಡಬೇಕೋ ಬೇಡವೋ? ಆ ಪ್ರಶ್ನೆ ಕೊನೆಗೆ ಬರಬೇಕಾದದ್ದು. ಉಗುರಿಗೆ ಏನಾಗಿದೆ, ಮೊದಲೇ ಏನು ಮಾತಾಗಿತ್ತು, ಇವೆರಡೂ ತಿಳಿಯುವ ಮೊದಲು ಮೊತ್ತದ ಮಾತೇ ಎತ್ತಬೇಡಿ ಎಂದೆವು.

ಮೊದಲು ಸಂದೇಶ ಓದುವ ಅಭ್ಯಾಸ. ಸಿಟ್ಟಿನ ಸಂದೇಶವನ್ನು ಕಾಗದದ ಮೇಲೆ ಬರೆದು, ಬೈಗುಳ ಮತ್ತು ವಿಶೇಷಣಗಳನ್ನೆಲ್ಲ ಹೊಡೆದುಹಾಕಬೇಕು. “ಎಂತ ದರಿದ್ರ ಕೆಲಸ, ಎರಡೇ ದಿನಕ್ಕೆ ಎದ್ದು ಬಂತು, ಮರ್ಯಾದೆ ಹೋಯ್ತು” ಎಂಬುದರಲ್ಲಿ ಉಳಿಯುವುದು “ಎರಡು ದಿನಕ್ಕೆ ಎದ್ದಿದೆ” ಮಾತ್ರ. ಉತ್ತರ ಅಷ್ಟಕ್ಕೇ. ಆಕೆಯ ಜೊತೆ ಕೂತು ಬರೆದ ಮೊದಲ ಉತ್ತರ ಹೀಗಿದೆ:

“ಅಕ್ಕ, ನಿಮಗೆ ತೊಂದರೆಯಾದದ್ದಕ್ಕೆ ಬೇಸರ ಉಂಟು. ದಯವಿಟ್ಟು ಎಳೆದು ತೆಗೆಯಬೇಡಿ, ನಿಮ್ಮ ಉಗುರಿನ ಪದರವೂ ಒಟ್ಟಿಗೆ ಬರ್ತದೆ. ಎರಡು ಕೈಯ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ, ಹೆಬ್ಬೆರಳಿನದ್ದು ಬೇರೆ. ನಾಳೆ 11 ಗಂಟೆಗೆ ಬಂದರೆ ಕೈ ನೋಡಿ ಎಂತ ಮಾಡುದು ಹೇಳ್ತೇನೆ. ನೋಡ್ಲಿಕ್ಕೂ ತೆಗೀಲಿಕ್ಕೂ ಹಣ ಇಲ್ಲ.”

ಗಿರಾಕಿ ಮಲಯಾಳದಲ್ಲಿ ಬರೆದಿದ್ದರೆ ಇದನ್ನೇ ಮಲಯಾಳದಲ್ಲಿ ಕಳಿಸಬೇಕು. ರಾತ್ರಿ ಎಂಟರ ನಂತರ ಬಂದ ದೂರಿಗೆ ಬೆಳಗ್ಗೆ ಉತ್ತರಿಸಿದರೆ ಸಾಕು, ತುರಿಕೆ ಅಥವಾ ನೋವಿನ ದೂರೊಂದನ್ನು ಬಿಟ್ಟು.

ಕೈ ಎದುರಿಗೆ ಬಂದ ಮೇಲೆ ಉಗುರೇ ಅರ್ಧ ಉತ್ತರ ಹೇಳುತ್ತದೆ. ಎರಡು ಮೂರು ದಿನದೊಳಗೆ, ಒಂದಕ್ಕಿಂತ ಹೆಚ್ಚು ಉಗುರು ಬುಡದಲ್ಲೇ ಎದ್ದಿದ್ದರೆ ಹೆಚ್ಚಾಗಿ ಅದು ತಯಾರಿಯ ತಪ್ಪು. ಕ್ಯೂಟಿಕಲ್ (ಉಗುರಿನ ಬುಡದ ಚರ್ಮದ ಅಂಚು) ಹಿಂದಕ್ಕೆ ತಳ್ಳಿದ ಮೇಲೂ ಉಗುರಿಗೆ ಅಂಟಿಕೊಂಡಿರುವ ತೆಳು ಚರ್ಮ ಉಳಿದಿರಬಹುದು, ಫೈಲ್ ಮಾಡಿದ ಪುಡಿ ಸರಿಯಾಗಿ ಒರೆಸದೆ ಇರಬಹುದು, ಜೆಲ್ (ಲ್ಯಾಂಪಿನ ಬೆಳಕಿನಲ್ಲಿ ಗಟ್ಟಿಮಾಡುವ ಲೇಪ) ಚರ್ಮಕ್ಕೆ ತಾಗಿ ಅಲ್ಲಿಂದ ಬಿಟ್ಟಿರಬಹುದು. ನಮ್ಮ ಕಡೆ ಇನ್ನೊಂದು ಕಾರಣ ಮದರಂಗಿ. ಬಣ್ಣ ಗಾಢವಾಗಲೆಂದು ಹಚ್ಚಿದ ನೀಲಗಿರಿ ಎಣ್ಣೆ ಉಗುರಿನ ಮೇಲೆ ಉಳಿದರೆ ಬೇಸ್ ಕೋಟ್, ಅಂದರೆ ಜೆಲ್ಲಿನ ಮೊದಲ ಪದರ, ಹಿಡಿಯುವುದಿಲ್ಲ. ಆದ್ದರಿಂದ ಮದರಂಗಿಯ ದಿನವೇ ಉಗುರಿಗೆ ಸಮಯ ಕೊಡಬಾರದು. ಮಳೆಗಾಲದಲ್ಲಿ, ಕೈ ಬೆವರುವವರಿಗೆ, ಡಿಹೈಡ್ರೇಟರ್ (ಉಗುರಿನ ತೇವ, ಎಣ್ಣೆ ತೆಗೆಯುವ ದ್ರವ) ಹಚ್ಚಿದ ಕೂಡಲೇ ಬೇಸ್ ಹಾಕಬೇಕು. ನಡುವೆ ಫೋನ್ ತೆಗೆದು ಮಾತಾಡುತ್ತಾ ಕೂತರೆ ಹಚ್ಚಿದ್ದು ವ್ಯರ್ಥ.

ಮೇಲ್ಮೈ ಸುಕ್ಕುಗಟ್ಟಿದ್ದರೆ ಕೋಟ್ ದಪ್ಪವಾಗಿದೆ, ಒಳಗೆ ಕ್ಯೂರ್ ಆಗಿಲ್ಲ, ಅಂದರೆ ಲ್ಯಾಂಪಿನಲ್ಲಿ ಗಟ್ಟಿಯಾಗಿಲ್ಲ. ಹೆಬ್ಬೆರಳು ಮಾತ್ರ ಹಾಗಾಗಿದ್ದರೆ, ನಾಲ್ಕು ಬೆರಳಿನ ಜೊತೆ ಅದನ್ನೂ ಓರೆಯಾಗಿ ಲ್ಯಾಂಪಿಗೆ ಇಟ್ಟಿದ್ದಾರೆ. ಹೆಬ್ಬೆರಳನ್ನು ಬೇರೆಯಾಗಿ, ನೇರವಾಗಿ ಇಡಬೇಕು. ಇವೆಲ್ಲ ಮಾಡಿದವರ ತಪ್ಪು. ಪೂರ್ತಿ ಕಿತ್ತು ಬಂದು, ಅಡಿಯಲ್ಲಿ ಸ್ವಂತ ಉಗುರು ಬಿಳಿ ಬಿಳಿಯಾಗಿ ಸುಲಿದಿದ್ದರೆ ಯಾರೋ ಎಳೆದಿದ್ದಾರೆ ಅಥವಾ ಕಚ್ಚಿದ್ದಾರೆ. ಅರಿಶಿನದಿಂದ ತಿಳಿ ಬಣ್ಣ ಹಳದಿಯಾದದ್ದು ಕೆಲಸದ ದೋಷವಲ್ಲ, ಆದರೆ ಅರಿಶಿನ ಶಾಸ್ತ್ರ ಇರುವ ಮದುಮಗಳಿಗೆ ಅದನ್ನು ಮೊದಲೇ ಹೇಳದೆ ಇದ್ದದ್ದು ಖಂಡಿತ ದೋಷ. ಎದ್ದ ಜಾಗದಲ್ಲಿ ನೀರು ನಿಂತು ಹಸಿರು ಬಣ್ಣ ಕಂಡರೆ ಅದು ಬ್ಯಾಕ್ಟೀರಿಯಾ. ಅದರ ಮೇಲೆ ಮತ್ತೆ ಜೆಲ್ ಮುಚ್ಚಬಾರದು.

19ನೇ ದಿನದ ಹೆಬ್ಬೆರಳಿನ ಬಗ್ಗೆ ಆಕೆಯ ವಾದ, “ಅವರು ತೆಂಗಿನಕಾಯಿ ತುರಿದಿದ್ದಾರೆ, ಅಡಿಕೆ ಸುಲಿದಿದ್ದಾರೆ” ಎಂಬುದು. ಇರಬಹುದು. ಆದರೆ ಈ ಊರಲ್ಲಿ ಕಾಯಿ ತುರಿಯದ ಕೈ ಎಲ್ಲಿದೆ? ಮನೆಗೆಲಸ ಮಾಡುವವರಿಗೆ ಅಷ್ಟು ಉದ್ದ ಇಡಬೇಡಿ ಎಂದು ಕೂರಿಸುವಾಗಲೇ ಹೇಳಬೇಕಿತ್ತು.

ಹಣದ ಲೆಕ್ಕವನ್ನು ಇದರ ನಂತರ ಹಾಕಿದೆವು. ಏಳು ದಿನದೊಳಗೆ ಎರಡು ಉಗುರಿನವರೆಗೆ ಹಾಳಾದರೆ ಉಚಿತ ರಿಪೇರಿ. ಅರ್ಧಕ್ಕಿಂತ ಹೆಚ್ಚು ಎದ್ದಿದ್ದರೆ ಎಲ್ಲ ತೆಗೆದು ಹೊಸತು, ಇಲ್ಲವೇ ಪೂರ್ತಿ ಹಣ, ಆಯ್ಕೆ ಗಿರಾಕಿಯದ್ದು. ನಡುವಿನದಕ್ಕೆ ಉಗುರಿನ ಲೆಕ್ಕ: 1,800 ರೂಪಾಯಿ ಕೆಲಸದಲ್ಲಿ ಒಂದಕ್ಕೆ 180. ಮದುವೆ ಮುಗಿದುಹೋಗಿದ್ದರೆ ರಿಪೇರಿಗೆ ಬೆಲೆಯಿಲ್ಲ, ಅಲ್ಲಿ ಹಣವೇ ಸರಿ. ಏಳು ದಿನ ದಾಟಿದ ಮೇಲೆ ಮುರಿದದ್ದಕ್ಕೆ ರಿಪೇರಿ ದರ. ಹಣ ಬಂದ ನಂಬರಿಗೇ ವಾಪಸ್, ಯಾವುದಕ್ಕೆ ಎಷ್ಟು ಎಂದು ಒಂದು ಸಾಲು ಬರೆದು. “ರಿವ್ಯೂ ಅಳಿಸಿದರೆ ಕೊಡ್ತೇನೆ” ಎಂಬ ಚೌಕಾಸಿ ಬೇಡ. ಆ ಮಾತೇ ಮುಂದಿನ ಸ್ಕ್ರೀನ್‌ಶಾಟ್ ಆಗುತ್ತದೆ. ಈ ನಿಯಮಗಳನ್ನು ಕನ್ನಡ, ಮಲಯಾಳ ಎರಡರಲ್ಲೂ ಒಂದು ಕಾರ್ಡಿನಲ್ಲಿ ಬರೆದು, ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಕಳಿಸಬೇಕು.

“ಹಣ ವಾಪಸ್ ಇಲ್ಲ” ಎಂದು ಬೋರ್ಡ್ ಹಾಕಿದರಾಯಿತಲ್ಲ ಎಂದು ಕೇಳಿದರು. ಆಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದು, ದೋಷವಿರುವ ಸೇವೆಯ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ಹಿಂದಿರುಗಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಗಿರಾಕಿ ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಇತರರಿಗೆ ಬಿಟ್ಟುಕೊಡುವುದೂ ಅದೇ ಪಟ್ಟಿಯಲ್ಲಿದೆ. ಸ್ಟೇಟಸ್ಸಿನ ವಿಷಯಕ್ಕೆ ಆಕೆ ಸುಮ್ಮನಾದದ್ದು ಇದನ್ನು ಕೇಳಿದ ಮೇಲೆ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ, 1915ಕ್ಕೆ ಕರೆ ಮಾಡಿಯೂ ದೂರು ಕೊಡಬಹುದು. ಹೆದರಿಸಲು ಇದನ್ನು ಹೇಳಲಿಲ್ಲ. ಬಿಲ್ ಪುಸ್ತಕ ಮತ್ತು ಕೆಲಸ ಮುಗಿದ ಕೂಡಲೇ ತೆಗೆದ ಫೋಟೋ ಆಕೆಯನ್ನೂ ಕಾಯುತ್ತವೆ.

ಇನ್ನು ತುರಿಕೆ. ಇದಕ್ಕೆ ಮೇಲಿನ ಯಾವ ಲೆಕ್ಕವೂ ಹೊಂದುವುದಿಲ್ಲ. ಉಗುರಿನ ಸುತ್ತ ಕೆಂಪು, ತುರಿಕೆ, ಸಣ್ಣ ನೀರ್ಗುಳ್ಳೆ ಕಂಡರೆ ಅದು ಜೆಲ್ಲಿನಲ್ಲಿರುವ ಅಕ್ರಿಲೇಟು ಎಂಬ ರಾಸಾಯನಿಕಗಳ ಅಲರ್ಜಿ ಆಗಿರಬಹುದು. ಹೇಮಾ (HEMA) ಎಂಬ ಅಂಶ ಇದರಲ್ಲಿ ಹೆಸರಾದದ್ದು. ಸರಿಯಾಗಿ ಕ್ಯೂರ್ ಆಗದ ಜೆಲ್ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಇದು ಶುರುವಾಗುತ್ತದೆ, ಶುರುವಾದರೆ ಸಾಮಾನ್ಯವಾಗಿ ಜೀವನವಿಡೀ ಉಳಿಯುತ್ತದೆ. ಬ್ರ್ಯಾಂಡ್ ಬದಲಿಸಿದರೂ ಅದೇ ಕುಟುಂಬದ ರಾಸಾಯನಿಕ ಇದ್ದೇ ಇರುತ್ತದೆ. ಹಲ್ಲಿಗೆ ತುಂಬುವ ಕೆಲವು ವಸ್ತುಗಳಲ್ಲೂ ಅಕ್ರಿಲೇಟುಗಳಿರುವುದರಿಂದ ವೈದ್ಯರಿಗೆ ಈ ವಿಷಯ ಗೊತ್ತಿರಬೇಕು. ಫೋನಿನಲ್ಲಿದ್ದ ಆ ಸಂದೇಶವನ್ನು ಅಲ್ಲೇ ಅಳಿಸಿದರು.

ಬದಲಿಗೆ ಮಾಡಿದ್ದು: ಬಳಸಿದ ಬೇಸ್, ಬಣ್ಣ, ಟಾಪ್ ಕೋಟ್ ಬಾಟಲಿಗಳ ಲೇಬಲ್ ಫೋಟೋ ಕಳಿಸಿ, ಅದನ್ನು ಹಿಡಿದು ಚರ್ಮವೈದ್ಯರಲ್ಲಿಗೆ ಹೋಗಲು ಹೇಳಿದ್ದು. ಚರ್ಮ ಒಡೆದಿದ್ದರೆ ಜೆಲ್ ಬಿಡಿಸುವ ದ್ರವವಾದ ಅಸಿಟೋನಿನಲ್ಲಿ ನೆನೆಸಬಾರದು, ವೈದ್ಯರನ್ನು ಕೇಳಿಯೇ ತೆಗೆಯಬೇಕು. ಒಡೆದಿಲ್ಲದಿದ್ದರೆ ಮೇಲಿನ ಪದರ ಫೈಲ್ ಮಾಡಿ, ಅಸಿಟೋನ್ ಹತ್ತಿ ಸುತ್ತಿ 10–15 ನಿಮಿಷ ಬಿಟ್ಟು, ತಾನಾಗಿ ಸಡಿಲವಾದದ್ದನ್ನು ಮಾತ್ರ ಸರಿಸುವುದು. ಹಣ ಪೂರ್ತಿ ವಾಪಸ್, ತಪ್ಪು ಯಾರದೆಂಬ ಚರ್ಚೆಯಿಲ್ಲದೆ. ಆ ಗಿರಾಕಿಗೆ ಮುಂದೆ ಎಂದೂ ಜೆಲ್ ಹಾಕಬಾರದು, ಅವರೇ ಕೇಳಿಕೊಂಡರೂ.

ಇದನ್ನು ಹೇಳುವಾಗ ಆಕೆಯ ಬೆರಳ ತುದಿಗಳೂ ಒಡೆದಿರುವುದು ಕಂಡಿತು. “ಪಾತ್ರೆ ತೊಳೆಯುವ ಸೋಪಿನದ್ದು” ಎಂದರು. ಅವರೂ ಅದೇ ಚರ್ಮವೈದ್ಯರಿಗೆ ತೋರಿಸಬೇಕೆಂದೆವು. ನೈಟ್ರೈಲ್ ಗ್ಲೌಸ್ ಹಾಕಿ, ಪ್ರತಿ ಗಿರಾಕಿಗೂ ಹೊಸತು, ಜೆಲ್ ತಾಗಿದರೆ ಕೂಡಲೇ ಬದಲಿ. ತೆಳು ಗ್ಲೌಸಿನ ಮೂಲಕ ಅಕ್ರಿಲೇಟು ಬೇಗ ಒಳಗೆ ಇಳಿಯುತ್ತದೆ.

ಎರಡನೆಯ ಗಿರಾಕಿಗೆ ಮಾತ್ರ ಹಣ ಕೊಡಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಚಾಟ್ ಹೊರಹಾಕಿದ್ದಕ್ಕೆ ಕ್ಷಮೆ ಕೇಳಲೇಬೇಕು, ಉಗುರಿನ ವಿಷಯ ಅದರಲ್ಲಿ ಬೆರೆಸದೆ. ಎರಡು ಸಾಲು ಬರೆದು ಕಳಿಸಿದರು. ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ. ಮತ್ತೊಮ್ಮೆ ಕಳಿಸಲೇ ಎಂದು ಕೇಳಿದ್ದಕ್ಕೆ ಬೇಡವೆಂದೆವು.